ಚಿತ್ರಫಲಕವನ್ನು ಆರಿಸುವ ಬಗೆ

(ಓರ್ವ ವಿದ್ಯಾರ್ಥಿ, ಅಂತಿಮ ಬಿ.ಎ.)

ಚಿತ್ರ ಬರೆಯಬೇಕೆಂಬ ಆಸೆಯು ಮಾನವನಿಗೆ ಅಕ್ಷರಜ್ಞಾನಕ್ಕಿಂತ ಬಹು ಮುಂಚೆಯೇ ಬಂದುದು. ಇದಕ್ಕೆ ಸಾಕ್ಷಿಯನ್ನು ಹುಡುಕಲು ನಾವು ದೂರದೇಶಗಳಿಗೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಲಿಂಗಸೂಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ನವಶಿಲಾಯುಗದ ದನಗಾಹಿ ಜನರು ಬಂಡೆಗಳ ಮೇಲೆ ದನಗಳ ಚಿತ್ರಗಳನ್ನು ಮೂಡಿಸಿ ಹೋಗಿದ್ದಾರೆ. ೧೯೫೨ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿ ಆ ಜನರ ಬಾಳಿನ ಬಗೆಯನ್ನು ಲೋಕಕ್ಕೆ ತಿಳಿಸಿಕೊಟ್ಟರು. ರಾಯಚೂರು ಕೋಟೆಯನ್ನು ನೋಡಿದವರೆಲ್ಲರೂ ಅಲ್ಲಿಯ ೪೧ ಅಡಿ ಉದ್ದದ ಕಲ್ಲನ್ನು ಕಂಡಿದ್ದಾರೆ. ಅದರ ಮೇಲೆ ೧೨೯೪ರ ಶಾಸನವಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ, ಜಾನುವಾರುಗಳ ಸಾಲನ್ನು ಹೂಡಿ ಎಳೆತಂದ ಬಗೆಯನ್ನು ಯಾವನೋ ಹೆಸರಿಲ್ಲದ ಶಿಲ್ಪಿಯು ಅಲ್ಲಿಯೇ ಬರಿಯ ಗೆರೆಗಳಲ್ಲಿ ಕೊರೆದಿಟ್ಟಿದ್ದಾನೆ. ಆತನ ಕೈಯಲ್ಲಿ ಇದ್ದುದು ಉಳಿ. ಮುಂದೆ ಬಂದವರ ಕೈಗೆ ಕುಂಚ ಬಂತು, ಪೆನ್ಸಿಲ್ ಬಂತು. ಈಗ ನಮ್ಮ ಕಾಲದವರ ಕೈಗೆ ಬಂದಿರುವುದು ಗಣಕಯಂತ್ರಕ್ಕೆ ಜೋಡಿಸುವ ಲೇಖನಿ ಮತ್ತು ಫಲಕ.

ಇದನ್ನು ಅಂಗಡಿಯವರು 'ಗ್ರಾಫಿಕ್ಸ್ ಟ್ಯಾಬ್ಲೆಟ್' ಎಂದೂ 'ಪೆನ್ ಟ್ಯಾಬ್' ಎಂದೂ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಅವ್ವ ಇದಕ್ಕೆ 'ಕರೀ ಪಾಟಿ' ಎಂದು ಹೆಸರಿಟ್ಟಿದ್ದಾಳೆ. ಈ ಲೇಖನದಲ್ಲಿ ನಾನು ಅದನ್ನು ಚುಟುಕಾಗಿ 'ಫಲಕ'ವೆನ್ನುತ್ತೇನೆ. ಇದನ್ನು ಕೊಳ್ಳಬೇಕೆನ್ನುವ ವಿದ್ಯಾರ್ಥಿಯು ಯಾವುದನ್ನು ನೋಡಬೇಕು, ಯಾವುದಕ್ಕೆ ಮರುಳಾಗಬಾರದು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದೇ ಇಲ್ಲಿಯ ಉದ್ದೇಶ.

ಕಲಾವಿಭಾಗದ ವಿದ್ಯಾರ್ಥಿಗೆ ಇದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಮಾನ್ವಿಯಲ್ಲಾಗಲಿ, ದೇವದುರ್ಗದಲ್ಲಾಗಲಿ, ರಾಯಚೂರಿನಲ್ಲಾಗಲಿ ಬಜಾರಿನಲ್ಲಿ ಒಮ್ಮೆ ತಲೆಯೆತ್ತಿ ನೋಡಿದರೆ ಉತ್ತರ ಸಿಕ್ಕುತ್ತದೆ. ಹಿಂದೆ ಅಂಗಡಿಗಳ ಬೋರ್ಡುಗಳನ್ನೂ ಗೋಡೆಗಳ ಜಾಹೀರಾತುಗಳನ್ನೂ ಚಿತ್ರಕಾರರು ಕೈಯಿಂದ ಬರೆಯುತ್ತಿದ್ದರು. ಇಂದು ಹೆಚ್ಚಿನವೆಲ್ಲ ಯಂತ್ರದಲ್ಲಿ ಅಚ್ಚಾದ ಹಾಳೆಗಳು. ನಮ್ಮ ತಂದೆಯವರು ಮಾನ್ವಿಯಲ್ಲಿ ಬೋರ್ಡು ಬರೆದು ನಮ್ಮನ್ನು ಸಾಕಿದವರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವರ ಕುಂಚಕ್ಕೆ ಕೆಲಸ ಕಡಮೆಯಾದ ವರ್ಷಗಳಲ್ಲಿಯೇ ನಾನು ಹೈಸ್ಕೂಲು ಓದಿದೆನು. ಕೈಬರಹದ ವಿದ್ಯೆಯು ಹಾಳಾಗಿಹೋಗಬೇಕೇ, ಇಲ್ಲವೆ ಅದೇ ಕೈಯು ಹೊಸ ಸಾಧನವನ್ನು ಹಿಡಿದು ಮತ್ತೆ ಅನ್ನ ದುಡಿಯಬಲ್ಲುದೇ ಎಂಬ ಪ್ರಶ್ನೆಯು ನಮ್ಮಂಥವರ ಮನೆಗಳಲ್ಲಿ ಬರಿಯ ಚರ್ಚೆಯ ವಿಷಯವಲ್ಲ. ಕಲಬುರಗಿಯಲ್ಲಿ ೧೯೧೬ರಲ್ಲಿ ಜನಿಸಿದ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ ಚಲಚ್ಚಿತ್ರಗಳ ಭಿತ್ತಿಪತ್ರಗಳಿಂದಲೂ ಕ್ಯಾಲೆಂಡರುಗಳ ಚಿತ್ರಗಳಿಂದಲೂ ಹೆಸರಾದರು. ಅಚ್ಚಿನ ಯಂತ್ರವು ಅವರ ಕಲೆಯನ್ನು ಕೊಲ್ಲಲಿಲ್ಲ, ಮನೆಮನೆಗೆ ಮುಟ್ಟಿಸಿತು. ಸಾಧನ ಬದಲಾದಾಗ ಕಲಾವಿದನು ಹೆದರಿ ಕೂಡಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಫಲಕದ ಹುಟ್ಟು ಮತ್ತು ಕೆಲಸಮಾಡುವ ರೀತಿ

ಕೈಯಿಂದ ಬರೆದುದನ್ನು ತಂತಿಯ ಮೂಲಕ ದೂರದಲ್ಲಿ ಮೂಡಿಸುವ ಯಂತ್ರಕ್ಕೆ ಎಲಿಷಾ ಗ್ರೇ ಎಂಬ ಅಮೆರಿಕದ ಸಂಶೋಧಕನು ೧೮೮೮ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಗಣಕಯಂತ್ರದ ಪರದೆಯ ಮೇಲೆ ನೇರವಾಗಿ ಗೆರೆ ಎಳೆಯುವ ವಿಧಾನವನ್ನು ೧೯೬೩ರಲ್ಲಿ ಐವಾನ್ ಸದರ್‌ಲೆಂಡ್ ತೋರಿಸಿಕೊಟ್ಟನು. ಮರುವರ್ಷ, ಅಂದರೆ ೧೯೬೪ರಲ್ಲಿ, ಅಮೆರಿಕದ ರ್‍ಯಾಂಡ್ ಸಂಸ್ಥೆಯು ೧೦ ಅಂಗುಲ ಚೌಕದ ಒಂದು ಫಲಕವನ್ನು ಹೊರತಂದಿತು. ಅದರಲ್ಲಿ ಅಂಗುಲಕ್ಕೆ ೧೦೦ರಂತೆ ಗೆರೆಗಳಿದ್ದು, ಒಟ್ಟು ೧೦ ಲಕ್ಷ ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬಹುದಾಗಿತ್ತು. ಜಪಾನಿನಲ್ಲಿ ೧೯೮೩ರಲ್ಲಿ ವಾಕಾಮ್ ಕಂಪನಿಯು ಸ್ಥಾಪನೆಯಾಗಿ, ಮರುವರ್ಷವೇ ತಂತಿಯಿಲ್ಲದ ಲೇಖನಿಯುಳ್ಳ ಫಲಕವನ್ನು ಮಾರಾಟಕ್ಕೆ ತಂದಿತು. ಇಂದು ನಾವು ಅಂಗಡಿಯಲ್ಲಿ ಕಾಣುವ ಫಲಕಗಳೆಲ್ಲ ಈ ಮನೆತನದವೇ.

ಇದು ಕೆಲಸಮಾಡುವ ರೀತಿಯು ಸ್ವಾರಸ್ಯವಾಗಿದೆ. ಫಲಕದ ಒಳಗೆ ಅಡ್ಡಗೆರೆ-ನಿಲುವುಗೆರೆಗಳಾಗಿ ನವುರಾದ ತಂತಿಗಳ ಜಾಲವಿರುತ್ತದೆ. ಅವುಗಳಲ್ಲಿ ವಿದ್ಯುತ್ತು ಹರಿದಾಗ ಮೇಲ್ಭಾಗದಲ್ಲಿ ಕಾಂತಕ್ಷೇತ್ರವು ಉಂಟಾಗುತ್ತದೆ. ಲೇಖನಿಯ ಹೊಟ್ಟೆಯಲ್ಲಿ ತಂತಿಯ ಒಂದು ಸುರುಳಿಯಿದೆ. ಒಂದು ತಂಬೂರಿಯನ್ನು ಮೀಟಿದರೆ ಅದೇ ಶ್ರುತಿಯಲ್ಲಿರುವ ಪಕ್ಕದ ತಂಬೂರಿಯ ತಂತಿಯೂ ತಾನಾಗಿ ಮಿಡಿಯುತ್ತದಷ್ಟೆ. ಹಾಗೆಯೇ ಆ ಸುರುಳಿಯು ಕ್ಷೇತ್ರಕ್ಕೆ ಓಗೊಟ್ಟು ಮರುದನಿಯನ್ನು ಕಳುಹುತ್ತದೆ. ಯಾವ ತಂತಿಗಳ ಬಳಿ ಆ ಮರುದನಿಯು ಬಲವಾಗಿದೆಯೆಂಬುದರಿಂದ ಲೇಖನಿ ಎಲ್ಲಿದೆಯೆಂಬುದು ಯಂತ್ರಕ್ಕೆ ಗೊತ್ತಾಗುತ್ತದೆ. ಲೇಖನಿಯನ್ನು ಒತ್ತಿದಾಗ ಅದರ ಶ್ರುತಿಯು ತುಸು ಬದಲಾಗುವುದರಿಂದ ಎಷ್ಟು ಒತ್ತಿದೆವೆಂಬುದೂ ತಿಳಿಯುತ್ತದೆ. ಈ ಕಾರಣದಿಂದಲೇ ಇಂತಹ ಲೇಖನಿಗೆ ಬ್ಯಾಟರಿ ಬೇಡ, ಚಾರ್ಜು ಬೇಡ. ಒತ್ತಿದರೆ ದಪ್ಪ, ಹಗುರವಾಗಿ ಹಿಡಿದರೆ ಸಣ್ಣ ಗೆರೆ ಬರುವ ಗುಣವಿರುವುದರಿಂದ ಇದು ಮೌಸಿಗಿಂತ ಕುಂಚಕ್ಕೆ ಹತ್ತಿರದ ಬಂಧುವಾಗಿದೆ.

ಮೂರು ಬಗೆಗಳು

ಮೊದಲನೆಯದು ಪರದೆಯಿಲ್ಲದ ಫಲಕ. ಮೇಜಿನ ಮೇಲೆ ಫಲಕವಿಟ್ಟು ಬರೆಯಬೇಕು, ಕಣ್ಣು ಗಣಕದ ಪರದೆಯ ಮೇಲಿರಬೇಕು. ಎರಡನೆಯದು ಪರದೆಯುಳ್ಳ ಫಲಕ. ಇದರಲ್ಲಿ ಚಿತ್ರವು ಲೇಖನಿಯ ಮೊನೆಯ ಕೆಳಗೇ ಮೂಡುತ್ತದೆ. ಆದರೆ ಇದಕ್ಕೂ ಗಣಕಯಂತ್ರ ಬೇಕೇ ಬೇಕು. ಮೂರನೆಯದು ತಾನೇ ಗಣಕವೂ ಆಗಿರುವಂಥದು, ಐಪ್ಯಾಡ್ ಮೊದಲಾದುವು. ಲೇಖನಿಯ ಬೆಲೆಯೂ ಸೇರಿದರೆ ನಮ್ಮಂಥವರ ಕೈಗೆಟುಕುವುದು ಕಷ್ಟ.

ಬೆಲೆಯನ್ನು ನಾನು ರೂಪಾಯಿಗಿಂತ ದುಡಿಮೆಯ ದಿನಗಳಲ್ಲಿ ಎಣಿಸುವವನು. ೨೦೨೫-೨೬ನೇ ಸಾಲಿಗೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿಯನ್ನು ೩೭೦ ರೂಪಾಯಿ ಎಂದು ಗೊತ್ತುಮಾಡಿದ್ದರು. ಪರದೆಯಿಲ್ಲದ ಚಿಕ್ಕ ಫಲಕಕ್ಕೆ ಸುಮಾರು ೪,೦೦೦ ರೂಪಾಯಿ ಎಂದಿಟ್ಟುಕೊಂಡರೆ ಅದು ೧೧ ದಿನಗಳ ಕೂಲಿ. ಪರದೆಯುಳ್ಳುದಕ್ಕೆ ೧೮,೫೦೦ ಎಂದರೆ ೫೦ ದಿನಗಳ ಕೂಲಿ. ಬೆಲೆಗಳು ಏರಿಳಿಯುತ್ತವೆ ನಿಜ. ಆದರೆ ಇವೆರಡರ ನಡುವಣ ಅಂತರವು ಬಹಳ ಬದಲಾಗದು. ೩೯ ದಿನ ಹೆಚ್ಚಿಗೆ ದುಡಿದು ಪಡೆಯುವ ಸುಖವಾದರೂ ಏನು? ಕಣ್ಣೂ ಕೈಯೂ ಒಂದೇ ಕಡೆಗೆ ಇರುವುದು. ಈ ಸುಖವು ದೊಡ್ಡದೇ, ಆದರೆ ಅಭ್ಯಾಸದಿಂದ ಅದಿಲ್ಲದೆಯೂ ನಡೆಯುತ್ತದೆ. ನಮ್ಮ ತಂದೆಯವರು ಮೊದಲ ದಿನ ನನ್ನ ಫಲಕದ ಮುಂದೆ ಕುಳಿತು, "ಕೈ ಇಲ್ಲಿ ಐತಿ, ಕಣ್ಣು ಅಲ್ಲಿ ಐತಿ, ಹೆಂಗ ಬರೀಬೇಕಲೇ ತಮ್ಮಾ?" ಎಂದರು. ಎರಡು ವಾರಗಳ ತರುವಾಯ ಆ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ. ಇದಲ್ಲದೆ ಪರದೆಯುಳ್ಳ ಫಲಕದ ಮೇಲೆ ಬಾಗಿ ಕುಳಿತು ಕತ್ತು ನೋಯಿಸಿಕೊಳ್ಳುವವರೂ ಇದ್ದಾರೆ. ಪರದೆಯಿಲ್ಲದುದರಲ್ಲಿ ತಲೆ ನೆಟ್ಟಗಿರುತ್ತದೆ.

ಅಳತೆಯ ವಿಚಾರ

ಫಲಕದ ಅಳತೆಯೆಂದರೆ ಅದರ ಹೊರಮೈಯ ಅಳತೆಯಲ್ಲ, ಲೇಖನಿ ಕೆಲಸಮಾಡುವ ಜಾಗದ ಅಳತೆ. ಇದನ್ನು ಮೊದಲು ಕೇಳಿ ತಿಳಿಯಬೇಕು. 'ಒನ್ ಬೈ ವಾಕಾಮ್' ಎಂಬುದರ ಚಿಕ್ಕ ನಮೂನೆಯಲ್ಲಿ ಈ ಜಾಗವು ೧೫೨ × ೯೫ ಮಿಲಿಮೀಟರ್, ಮಧ್ಯಮ ನಮೂನೆಯಲ್ಲಿ ೨೧೬ × ೧೩೫ ಮಿಲಿಮೀಟರ್.

ಸಾಧಾರಣವಾದ ೧೫.೬ ಅಂಗುಲದ ಲ್ಯಾಪ್‌ಟಾಪಿನ ಪರದೆಯ ಅಗಲವು ಸುಮಾರು ೩೪೫ ಮಿಲಿಮೀಟರ್. ಚಿಕ್ಕ ಫಲಕದ ಮೇಲೆ ಕೈಯು ೧ ಸೆಂಟಿಮೀಟರ್ ಸರಿದರೆ ಪರದೆಯ ಮೇಲೆ ಬಾಣವು ಸುಮಾರು ೨.೩ ಸೆಂಟಿಮೀಟರ್ ಸರಿಯುತ್ತದೆ. ಮಧ್ಯಮ ಫಲಕದಲ್ಲಾದರೋ ೧.೬ ಸೆಂಟಿಮೀಟರ್ ಮಾತ್ರ. ಎಂದರೆ, ಚಿಕ್ಕದರಲ್ಲಿ ಕೈಯ ಸಣ್ಣ ನಡುಕವೂ ಹಿಗ್ಗಿ ಕಾಣುತ್ತದೆ. ಮಣಿಕಟ್ಟನ್ನು ಊರಿ ಬೆರಳುಗಳಿಂದಲೇ ಸೂಕ್ಷ್ಮವಾಗಿ ಬರೆಯುವವರಿಗೆ ಚಿಕ್ಕ ಫಲಕವು ಸಾಕು. ಮೊಣಕೈಯಿಂದ, ಭುಜದಿಂದ ಬೀಸಿ ಗೆರೆ ಎಳೆಯುವವರಿಗೆ, ಗೋಡೆಯ ಮೇಲೆ ಬರೆದು ಕೈ ಪಳಗಿದವರಿಗೆ, ಮಧ್ಯಮವೇ ಲೇಸು. ಅದಕ್ಕಿಂತಲೂ ದೊಡ್ಡದನ್ನು ಕೊಂಡರೆ ಹಾಸ್ಟೆಲಿನ ಮೇಜಿನ ಮೇಲೆ ಪುಸ್ತಕಕ್ಕೇ ಸ್ಥಳವಿರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಮೇಜಿಗೂ ಸಲ್ಲುತ್ತದೆ.

ಸಂಖ್ಯೆಗಳ ಮಾಯೆ

ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ ಸಂಖ್ಯೆಗಳು ಕೊಳ್ಳುವವನನ್ನು ಬೇಗನೆ ಮರುಳುಮಾಡುತ್ತವೆ. ಅವುಗಳಲ್ಲಿ ಮುಖ್ಯವಾದುದು ಒತ್ತಡದ ಮಟ್ಟಗಳ ಸಂಖ್ಯೆ. ಒಂದರ ಮೇಲೆ ೨,೦೪೮, ಇನ್ನೊಂದರ ಮೇಲೆ ೪,೦೯೬, ಮತ್ತೊಂದರ ಮೇಲೆ ೮,೧೯೨, ಈಚಿನವುಗಳ ಮೇಲೆ ೧೬,೩೮೪ ಎಂದೂ ಇರುತ್ತದೆ. ಎರಡರಷ್ಟು ಸಂಖ್ಯೆಯಿದ್ದರೆ ಎರಡರಷ್ಟು ಒಳ್ಳೆಯದೆಂದು ತಿಳಿಯಬಾರದು. ಪರದೆಯ ಮೇಲೆ ೧೦೦ ಚುಕ್ಕೆಗಳಷ್ಟು ದಪ್ಪನೆಯ ಕುಂಚವನ್ನು ತೆಗೆದುಕೊಂಡರೂ, ೨,೦೪೮ ಮಟ್ಟಗಳಿದ್ದಾಗ ಒಂದೊಂದು ಚುಕ್ಕೆಯ ದಪ್ಪದ ವ್ಯತ್ಯಾಸಕ್ಕೆ ೨೦ ಮಟ್ಟಗಳು ಒದಗುತ್ತವೆ. ಅದಕ್ಕಿಂತ ನವುರಾದ ಭೇದವನ್ನು ಯಾವ ಕಣ್ಣು ಕಂಡೀತು? ನಿಜವಾಗಿ ನೋಡಬೇಕಾದುದು ಬೇರೆ: ಗೆರೆಯು ಮೂಡತೊಡಗಲು ಎಷ್ಟು ಹಗುರವಾದ ಸ್ಪರ್ಶ ಸಾಕು ಎಂಬುದು. ಒಳ್ಳೆಯ ಲೇಖನಿಯು ತನ್ನ ಭಾರದಷ್ಟಕ್ಕೇ ಗೆರೆ ಕೊಡುತ್ತದೆ; ಕಳಪೆಯದು ಒತ್ತಿದ ಮೇಲೆ ತಟ್ಟನೆ ದಪ್ಪಗೆರೆಯಿಂದಲೇ ಪ್ರಾರಂಭಿಸುತ್ತದೆ. ಈ ಗುಣವು ಪೆಟ್ಟಿಗೆಯ ಮೇಲೆ ಅಪರೂಪಕ್ಕೂ ಅಚ್ಚಾಗಿರುವುದಿಲ್ಲ.

ಎರಡನೆಯ ಸಂಖ್ಯೆಯು ಅಂಗುಲಕ್ಕೆ ಎಷ್ಟು ಗೆರೆಗಳನ್ನು ಫಲಕವು ಗುರುತಿಸುತ್ತದೆ ಎಂಬುದು. ೨,೫೪೦ ಎಂದು ಒಂದರ ಮೇಲೆ, ೫,೦೮೦ ಎಂದು ಇನ್ನೊಂದರ ಮೇಲೆ ಇರುತ್ತದೆ. ಲೆಕ್ಕ ಹಾಕಿ ನೋಡಿರಿ: ೧೫೨ ಮಿಲಿಮೀಟರ್ ಅಗಲದಲ್ಲಿ ಅಂಗುಲಕ್ಕೆ ೨,೫೪೦ರಂತೆ ೧೫,೨೦೦ ಸ್ಥಾನಗಳಾಗುತ್ತವೆ. ಪರದೆಯ ಅಗಲದಲ್ಲಿ ಇರುವ ಚುಕ್ಕೆಗಳಾದರೋ ೧,೯೨೦. ಆಗಲೇ ಸುಮಾರು ಎಂಟು ಪಟ್ಟು ಹೆಚ್ಚಾಗಿದೆ. ಹದಿನಾರು ಪಟ್ಟು ಮಾಡಿಕೊಂಡರೆ ಚಿತ್ರವೇನೂ ಅಂದವಾಗುವುದಿಲ್ಲ.

ಹಾಗಾದರೆ ಸಂಖ್ಯೆಗಳಲ್ಲಿ ನಿಜವಾಗಿಯೂ ಮುಖ್ಯವಾದುದು ಯಾವುದೂ ಇಲ್ಲವೆ? ಉಂಟು. ಅದು ಅಗಲ-ಎತ್ತರಗಳ ಪ್ರಮಾಣ. ಇದಕ್ಕೆ ನಮ್ಮ ಕನ್ನಡದ 'ಠ' ಅಕ್ಷರದಷ್ಟು ಒಳ್ಳೆಯ ಪರೀಕ್ಷಕ ಬೇರೊಂದಿಲ್ಲ. ಮೇಲೆ ಹೇಳಿದ ಚಿಕ್ಕ ಫಲಕದ ಪ್ರಮಾಣ ೧೬ಕ್ಕೆ ೧೦. ಸಾಮಾನ್ಯ ಪರದೆಯದು ೧೬ಕ್ಕೆ ೯. ಫಲಕವನ್ನು ಪೂರ್ತಿಯಾಗಿ ಪರದೆಗೆ ಹೊಂದಿಸಿಬಿಟ್ಟರೆ, ಕೈಯಿಂದ ೪೦ ಮಿಲಿಮೀಟರ್ ದುಂಡಗೆ ಬರೆದ 'ಠ'ವು ಪರದೆಯ ಮೇಲೆ ಅಡ್ಡಲಾಗಿ ೫೦೫ ಚುಕ್ಕೆ, ಉದ್ದಕ್ಕೆ ೪೫೫ ಚುಕ್ಕೆ ಆಗುತ್ತದೆ. ಅಂದರೆ ದುಂಡನೆಯ ಅಕ್ಷರವು ಹತ್ತರಲ್ಲಿ ಒಂದು ಪಾಲು ತಗ್ಗಿ ಚಪ್ಪಟೆಯಾಯಿತು! ಬರೆಯುವವನು ತನ್ನ ಕೈಯನ್ನೇ ಹಳಿದುಕೊಳ್ಳುತ್ತಾನೆ, ತಪ್ಪು ಹೊಂದಾಣಿಕೆಯದು. ಫಲಕದ ಜೊತೆಗೆ ಬರುವ ತಂತ್ರಾಂಶದಲ್ಲಿ 'ಪ್ರಮಾಣ ಕಾಯ್ದುಕೊಳ್ಳುವ' ಆಯ್ಕೆಯೊಂದಿರುತ್ತದೆ. ಅದನ್ನು ಒತ್ತಿದರೆ ೯೫ ಮಿಲಿಮೀಟರ್ ಎತ್ತರದಲ್ಲಿ ೮೫.೫ ಮಾತ್ರ ಬಳಕೆಯಾಗಿ, ಉಳಿದ ೯.೫ ಮಿಲಿಮೀಟರ್ ಸುಮ್ಮನಿರುತ್ತದೆ, 'ಠ'ವು ದುಂಡಗಾಗುತ್ತದೆ. ದುಂಡಕ್ಷರಗಳೇ ತುಂಬಿರುವ ನಮ್ಮ ಲಿಪಿಯನ್ನು ಬರೆಯುವವರು ಈ ಮಾತನ್ನು ಮರೆಯತಕ್ಕದ್ದಲ್ಲ.

ಲೇಖನಿ, ಮೊನೆ, ಗುಂಡಿಗಳು

ಬ್ಯಾಟರಿ ಬೇಡದ ಲೇಖನಿಯನ್ನೇ ಆರಿಸಬೇಕು. ಲೇಖನಿಯ ಮೊನೆಯು ಸವೆಯುವ ವಸ್ತು. ಫಲಕದ ಮೈ ಒರಟಾಗಿದ್ದಷ್ಟೂ ಕಾಗದದ ಮೇಲೆ ಬರೆದ ಹಾಗೆ ಹಿತವಾಗುತ್ತದೆ, ಆದರೆ ಮೊನೆಯೂ ಬೇಗ ಸವೆಯುತ್ತದೆ. ಪೆಟ್ಟಿಗೆಯಲ್ಲಿ ಹೆಚ್ಚಿನ ಮೊನೆಗಳು ಎಷ್ಟಿವೆ, ಅವು ಮುಗಿದ ಮೇಲೆ ಬೇರೆ ಸಿಗುತ್ತವೆಯೇ ಎಂದು ಕೇಳಬೇಕು. ಲೇಖನಿ ಕಳೆದುಹೋದರೆ ಅದೊಂದನ್ನೇ ಮಾರುತ್ತಾರೆಯೇ ಎಂಬುದನ್ನೂ ವಿಚಾರಿಸಬೇಕು. ಏಕೆಂದರೆ ಒಂದು ಕಂಪನಿಯ ಲೇಖನಿಯು ಇನ್ನೊಂದರ ಫಲಕಕ್ಕೆ ಸಾಮಾನ್ಯವಾಗಿ ಓಗೊಡುವುದಿಲ್ಲ. ಫಲಕದ ಅಂಚಿನ ಗುಂಡಿಗಳು ಅನುಕೂಲವೇ ಸರಿ, ಆದರೆ ಎಡಗೈ ಕೀಲಿಮಣೆಯ ಮೇಲಿದ್ದರೆ ಅವಿಲ್ಲದೆಯೂ ಕೆಲಸ ಸಾಗುತ್ತದೆ. ಎಡಗೈಯಿಂದ ಬರೆಯುವವರು ಫಲಕವನ್ನು ತಿರುಗಿಸಿಟ್ಟು ಬಳಸಬಹುದೇ ಎಂದು ಮೊದಲೇ ತಿಳಿಯತಕ್ಕದ್ದು.

ಕೆಲವು ನಮೂನೆಗಳು

ಹೆಸರುಗಳನ್ನು ಹೇಳದೆ ಬರಿಯ ತತ್ತ್ವ ಹೇಳಿದರೆ ಓದುಗರಿಗೆ ತೃಪ್ತಿಯಾಗದು. 'ಒನ್ ಬೈ ವಾಕಾಮ್' ಚಿಕ್ಕದರಲ್ಲಿ ಒತ್ತಡದ ಮಟ್ಟಗಳು ೨,೦೪೮, ಗುಂಡಿಗಳಿಲ್ಲ. ಅದೇ ಕಂಪನಿಯ 'ಇಂಟ್ಯೂಸ್' ಚಿಕ್ಕದರಲ್ಲಿ ಜಾಗವು ಅಷ್ಟೇ, ಮಟ್ಟಗಳು ೪,೦೯೬, ಗುಂಡಿಗಳು ನಾಲ್ಕು. ಚೀನದ ಹ್ಯೂಯಾನ್ ಕಂಪನಿಯ 'ಎಚ್ ೪೩೦ ಪಿ' ಇನ್ನೂ ಚಿಕ್ಕದು: ೪.೮ × ೩ ಅಂಗುಲ. ಎಕ್ಸ್‌ಪಿ-ಪೆನ್ನಿನ 'ಸ್ಟಾರ್ ಜಿ ೬೪೦' ೬ × ೪ ಅಂಗುಲದ್ದು, ಅದರ 'ಡೆಕೊ ೦೧' ೧೦ × ೬.೨೫ ಅಂಗುಲದ್ದು. ಒಂದೇ ಬೆಲೆಗೆ ವಾಕಾಮಿನದಕ್ಕಿಂತ ಉಳಿದವರದು ಅಗಲದಲ್ಲಿ ಹೆಚ್ಚಾಗಿರುವುದು ವಾಡಿಕೆ. ಇವುಗಳಲ್ಲಿ ಯಾವುದೊಂದನ್ನೂ ಹೊಗಳುವುದು ನನ್ನ ಉದ್ದೇಶವಲ್ಲ. ಅವರವರ ಗಣಕಕ್ಕೂ ಕೈಗೂ ಹೊಂದುವುದೇ ಉತ್ತಮವಾದುದು.

ತಂತ್ರಾಂಶಕ್ಕೆ ಹಣ ಸುರಿಯಬೇಕಾಗಿಲ್ಲ ಎಂಬುದು ಬಡವಿದ್ಯಾರ್ಥಿಗೆ ಸಂತೋಷದ ಸುದ್ದಿ. 'ಕ್ರಿಟಾ' ಎಂಬುದು ಎಲ್ಲರಿಗೂ ಉಚಿತವಾಗಿ ದೊರೆಯುವ ಚಿತ್ರರಚನೆಯ ತಂತ್ರಾಂಶ. ಆ ಹೆಸರಿಗೆ ಸ್ವೀಡನ್ನಿನ ಭಾಷೆಯಲ್ಲಿ ಬಳಪವೆಂಬ ಅರ್ಥವಿದೆಯಂತೆ. ಅವ್ವನ 'ಪಾಟಿ'ಗೆ ತಕ್ಕ ಬಳಪವೇ ಸಿಕ್ಕಿತು! ಅಕ್ಷರಗಳನ್ನು ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದಂತೆ ಬರೆಯಲು 'ಇಂಕ್‌ಸ್ಕೇಪ್', ಛಾಯಾಚಿತ್ರಗಳನ್ನು ತಿದ್ದಲು 'ಗಿಂಪ್' ಇವೆ. ಇವೆರಡೂ ಉಚಿತವೇ.

ಗಣಕಯಂತ್ರದ ಶಕ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಚ್ಚಿಗೆ ಯೋಗ್ಯವಾಗುವಂತೆ, ಅಂಗುಲಕ್ಕೆ ೩೦೦ ಚುಕ್ಕೆಯ ಪ್ರಕಾರ ಎ-೪ ಹಾಳೆಯ ಚಿತ್ರವೆಂದರೆ ೨,೪೮೦ × ೩,೫೦೮ ಚುಕ್ಕೆ. ಒಂದೊಂದು ಚುಕ್ಕೆಗೆ ೪ ಬೈಟಿನಂತೆ ಒಂದು ಪದರಕ್ಕೆ ಸುಮಾರು ೩೫ ಎಂ.ಬಿ., ೨೦ ಪದರಗಳಾದರೆ ೭೦೦ ಎಂ.ಬಿ. ನೆನಪಿನ ಶಕ್ತಿ ಬೇಕು. ಹಳೆಯ ೪ ಜಿ.ಬಿ. ಗಣಕದಲ್ಲಿ ಕುಂಚವು ಕೈಗಿಂತ ಹಿಂದೆ ಬೀಳತೊಡಗಿದಾಗ ಫಲಕವನ್ನು ದೂರಬಾರದು. ಫಲಕದ ಮೇಲೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಗಣಕದ ನೆನಪಿನ ಶಕ್ತಿ ಹೆಚ್ಚಿಸಲು ಬಳಸಿದರೆ ಲಾಭವೇ ಹೆಚ್ಚು.

ನಮ್ಮ ಸೀಮೆಗೆ ಸಂಬಂಧಪಟ್ಟ ಮಾತುಗಳು

ನಮ್ಮ ಬೇಸಿಗೆಯ ಬಿಸಿಲನ್ನು ಇಲ್ಲಿಯ ವಾಚಕರಿಗೆ ನಾನು ಬಣ್ಣಿಸಬೇಕಾಗಿಲ್ಲ. ಅಂಗೈ ಬೆವರಿ ಫಲಕಕ್ಕೆ ಅಂಟಿಕೊಂಡಾಗ ಗೆರೆಯು ಎಡವುತ್ತದೆ. ಇದಕ್ಕೆಂದೇ ಎರಡು ಬೆರಳಿನ ಕೈಚೀಲ ಮಾರುತ್ತಾರೆ. ಅಂಗೈಯ ಕೆಳಗೆ ಒಂದು ಹತ್ತಿಯ ಕರವಸ್ತ್ರವನ್ನು ಮಡಿಸಿಟ್ಟರೂ ಅದೇ ಕೆಲಸವಾಗುತ್ತದೆ. ಧೂಳಿನ ಕಣಗಳು ಮೊನೆಯ ಕೆಳಗೆ ಸಿಕ್ಕಿ ಫಲಕದ ಮೈಯನ್ನು ಗೀರುವುದರಿಂದ ದಿನವೂ ಒರೆಸಿ ಬಟ್ಟೆಯಲ್ಲಿ ಸುತ್ತಿಡಬೇಕು. ವಿದ್ಯುತ್ತು ಹೋಗುವ ಊರುಗಳಲ್ಲಿ ಪರದೆಯಿಲ್ಲದ ಫಲಕಕ್ಕೆ ಇನ್ನೊಂದು ಹಿರಿಮೆಯುಂಟು. ಅದು ಲ್ಯಾಪ್‌ಟಾಪಿನಿಂದಲೇ ಅತ್ಯಲ್ಪ ವಿದ್ಯುತ್ತನ್ನು ಪಡೆದು ನಡೆಯುತ್ತದೆ. ಪರದೆಯುಳ್ಳ ಫಲಕಗಳಲ್ಲಿ ಅನೇಕಕ್ಕೆ ಬೇರೆಯ ಪ್ಲಗ್ಗು ಬೇಕು.

ದುರಸ್ತಿಯ ವಿಷಯವನ್ನು ಕೊಳ್ಳುವ ಮುಂಚೆಯೇ ಕೇಳಬೇಕು. ಕೆಟ್ಟರೆ ಯಾವ ಊರಿಗೆ ಕಳುಹಬೇಕು, ಹೋಗಿಬರುವ ಖರ್ಚು ಯಾರದು, ಖಾತರಿಯ ಅವಧಿ ಎಷ್ಟು ಎಂಬ ಮೂರು ಪ್ರಶ್ನೆಗಳು. ರಸೀತಿಯನ್ನು ಜೋಪಾನವಾಗಿಡಬೇಕು. ಬಳಸಿದ ಫಲಕವನ್ನು ಅಗ್ಗಕ್ಕೆ ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ತಂತಿ ಸೇರಿಸುವ ರಂಧ್ರವು ಸಡಿಲವಾಗಿದೆಯೇ ಎಂದು ಅಲುಗಿಸಿ ನೋಡಬೇಕು. ಮೊದಲು ಕೆಡುವ ಭಾಗಗಳಲ್ಲಿ ಅದೂ ಒಂದು.

ಅಂಗಡಿಯಲ್ಲಾಗಲಿ ಗೆಳೆಯನ ಮನೆಯಲ್ಲಾಗಲಿ ಪರೀಕ್ಷಿಸಲು ಅವಕಾಶ ಸಿಕ್ಕರೆ ಹತ್ತೇ ನಿಮಿಷಗಳಲ್ಲಿ ನಾಲ್ಕು ಪರೀಕ್ಷೆಗಳನ್ನು ಮಾಡಿಬಿಡಬಹುದು. ಮೊದಲನೆಯದು, ಅಳತೆಪಟ್ಟಿಯನ್ನು ಓರೆಯಾಗಿಟ್ಟು ಅದರ ಗುಂಟ ನಿಧಾನವಾಗಿ ಗೆರೆ ಎಳೆಯಬೇಕು. ಗೆರೆಯು ಹಾವಿನಂತೆ ಅಂಕುಡೊಂಕಾದರೆ ಆ ಫಲಕ ಬೇಡ. ಎರಡನೆಯದು, ಲೇಖನಿಯನ್ನು ಅತಿ ಹಗುರವಾಗಿ ಹಿಡಿದು ಗೆರೆ ಮೂಡುವುದೇ ಎಂದು ನೋಡಬೇಕು. ಮೂರನೆಯದು, ಸಣ್ಣದರಿಂದ ದಪ್ಪಕ್ಕೆ, ದಪ್ಪದಿಂದ ಸಣ್ಣಕ್ಕೆ ಹೋಗುವ ಒಂದೇ ಗೆರೆಯಲ್ಲಿ 'ಳ' ಬರೆಯಬೇಕು. ನಾಲ್ಕನೆಯದು, ಮೇಲೆ ಹೇಳಿದ 'ಠ'.

ಮೂವರಿಗೆ ಮೂರು ಉತ್ತರ

ಎಲ್ಲರಿಗೂ ಒಂದೇ ಫಲಕ ಸಲ್ಲದು ಎಂಬುದನ್ನು ನಮ್ಮ ಗೆಳೆಯರ ಉದಾಹರಣೆಯಿಂದಲೇ ಹೇಳಬಹುದು. ನಾವು ಮೂವರೂ ಒಂದೇ ಬೆಂಚಿನವರು. ರಾಯಚೂರಿನ ಗೆಳೆಯನು ಸಂಜೆಯ ವೇಳೆ ಅಚ್ಚಿನ ಅಂಗಡಿಯೊಂದರಲ್ಲಿ ಕೆಲಸಮಾಡುತ್ತಾನೆ. ಗಣಕವು ಅಂಗಡಿಯದು, ಮೇಜು ಇಕ್ಕಟ್ಟಿನದು, ಕೆಲಸವು ಛಾಯಾಚಿತ್ರಗಳನ್ನು ತಿದ್ದುವುದು. ಆತನಿಗೆ ಚೀಲದಲ್ಲಿ ಒಯ್ಯುವಂಥ ಚಿಕ್ಕ ಫಲಕವೇ ಸಾಕಾಯಿತು. ದೇವದುರ್ಗದ ಗೆಳತಿಗೆ ಗಣಕವೇ ಇಲ್ಲ, ಇರುವುದು ಫೋನು. ಕೆಲವು ಚಿಕ್ಕ ಫಲಕಗಳನ್ನು ಆಂಡ್ರಾಯ್ಡ್ ಫೋನಿಗೂ ಜೋಡಿಸಬಹುದು. ಆದರೆ ಹಾಗೆ ಜೋಡಿಸಿದಾಗ ಅನೇಕ ಫಲಕಗಳಲ್ಲಿ ಜಾಗದ ಒಂದು ಭಾಗ ಮಾತ್ರ ಕೆಲಸಮಾಡುತ್ತದೆ, ಪರದೆಯೂ ಅಂಗೈಯಷ್ಟೇ. ಇದನ್ನೆಲ್ಲ ತೂಗಿನೋಡಿ ಆಕೆ ಸದ್ಯಕ್ಕೆ ಏನನ್ನೂ ಕೊಳ್ಳಲಿಲ್ಲ. ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ಅದನ್ನು ಫೋನಿನಲ್ಲಿ ಚಿತ್ರ ತೆಗೆದು, 'ಐಬಿಸ್ ಪೇಂಟ್' ಎಂಬುದರಲ್ಲಿ ಬೆರಳಿನಿಂದಲೇ ಬಣ್ಣ ತುಂಬುತ್ತಾಳೆ. ನಮ್ಮ ಮೂವರಲ್ಲಿ ಚೆನ್ನಾಗಿ ಬರೆಯುವವಳು ಆಕೆಯೇ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಕೊಳ್ಳದಿರುವುದೂ ಒಂದು ಆಯ್ಕೆಯೇ.

ಮೂರನೆಯವನಾದ ನಾನು ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ ಮಧ್ಯಮ ಅಳತೆಯ, ಪರದೆಯಿಲ್ಲದ ಫಲಕವನ್ನು ತಂದೆನು. ಕಾರಣ, ಅದನ್ನು ಬಳಸುವವರು ಇಬ್ಬರು. ನಮ್ಮ ತಂದೆಯವರು ಭುಜದಿಂದ ಬರೆಯುವವರು. ಚಿಕ್ಕ ಫಲಕವು ಅವರ ಕೈಗೆ ಪಂಜರವಾಗುತ್ತಿತ್ತು. ಅಚ್ಚಿನ ಅಂಗಡಿಗಳಲ್ಲಿ ಎಲ್ಲರ ಬೋರ್ಡುಗಳಿಗೂ ಅವೇ ನಾಲ್ಕೈದು ಬಗೆಯ ಸಿದ್ಧ ಅಕ್ಷರಗಳು. ಕಿರಾಣಿ ಅಂಗಡಿಗೂ ಕಲ್ಯಾಣಮಂಟಪಕ್ಕೂ ಒಂದೇ ಮುಖ. ಅವರ ಕೈಬರಹದ ತಲೆಕಟ್ಟಿನ ಠೀವಿಯು, ಕೊಂಬಿನ ಬಳುಕು ಆ ಸಿದ್ಧ ಅಕ್ಷರಗಳಲ್ಲಿ ಇಲ್ಲ. ಈಗ ಅವರು ಫಲಕದ ಮೇಲೆ ಅಂಗಡಿಯ ಹೆಸರನ್ನು ಬರೆಯುತ್ತಾರೆ, ನಾನು ಅದನ್ನು ಇಂಕ್‌ಸ್ಕೇಪಿನಲ್ಲಿ ಅಂಚು ತಿದ್ದಿ ಅಚ್ಚಿಗೆ ಕೊಡುತ್ತೇನೆ. ಈ ವರ್ಷ ಮಾನ್ವಿಯಲ್ಲಿ ಇಂತಹ ಮೂರು ಬೋರ್ಡುಗಳು ಮೇಲೇರಿವೆ. ಮೂರರಿಂದ ಸಂಸಾರ ನಡೆಯದು, ನಿಜ; ಫಲಕದ ಬೆಲೆಯು ಮಾತ್ರ ಹಿಂದಕ್ಕೆ ಬಂದಿದೆ. ಅಚ್ಚಿನ ಹಾಳೆಯ ಮೇಲೆ ಮತ್ತೆ ಮನುಷ್ಯನ ಕೈಯನ್ನು ಕಂಡ ಅಂಗಡಿಕಾರರೊಬ್ಬರು, ಇದನ್ನು ಯಾರು ಬರೆದರೆಂದು ವಿಚಾರಿಸಿಕೊಂಡು ನಮ್ಮ ಮನೆಯ ತನಕ ಬಂದರು.

ಆದಕಾರಣ ನನ್ನ ಅಭಿಪ್ರಾಯದ ಸಾರವಿಷ್ಟು: ಮೊದಲು ತನ್ನ ಕೆಲಸವೇನೆಂದು ನಿಶ್ಚಯಿಸಬೇಕು, ಅನಂತರ ಕೈಯ ಅಭ್ಯಾಸಕ್ಕೆ ತಕ್ಕ ಅಳತೆ, ಹಗುರ ಸ್ಪರ್ಶಕ್ಕೆ ಓಗೊಡುವ ಲೇಖನಿ, ಇರುವ ಗಣಕಕ್ಕೆ ಹೊಂದುವ ತಂತ್ರಾಂಶ, ದುರಸ್ತಿಯ ಸೌಕರ್ಯ, ಇವನ್ನು ನೋಡಬೇಕು. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗಳನ್ನು ಕಡೆಗೆ ನೋಡಿದರೆ ಸಾಕು. ಹೊಸದಾಗಿ ಕಲಿಯುವವರಿಗೆ ಪರದೆಯಿಲ್ಲದ ಫಲಕವೇ ಯೋಗ್ಯ. ಯಾವ ಫಲಕವೂ ಚಿತ್ರ ಬರೆಯುವುದನ್ನು ಕಲಿಸುವುದಿಲ್ಲ. ಪ್ರತಿದಿನ ಅರ್ಧ ಗಂಟೆಯಾದರೂ ಗೆರೆ, ದುಂಡು, ನೆರಳುಗಳ ಸಾಧನೆ ಮಾಡದವನಿಗೆ ೧೬,೩೮೪ ಮಟ್ಟಗಳೂ ಅಷ್ಟೇ, ಇದ್ದಲಿಯ ತುಂಡೂ ಅಷ್ಟೇ.

ಕೊನೆಗೆ ಗುರುಗಳಲ್ಲಿ ಒಂದು ವಿನಂತಿ. ನಮ್ಮ ಗ್ರಂಥಾಲಯವು ಪುಸ್ತಕಗಳನ್ನು ಎರವು ಕೊಡುವಂತೆಯೇ ಎರಡು ಸಾಧಾರಣ ಫಲಕಗಳನ್ನು ಕೊಂಡು ವಾರಕ್ಕೊಬ್ಬರಿಗೆ ಎರವು ಕೊಡುವಂತಾದರೆ, ಒಂದು ವರ್ಷದಲ್ಲಿ ಅನೇಕ ವಿದ್ಯಾರ್ಥಿಗಳು ಅವನ್ನು ಬಳಸಿ ನೋಡಬಹುದು. ೧೧ ದಿನಗಳ ಕೂಲಿಯನ್ನು ಕೊಟ್ಟು ಕೊಳ್ಳುವ ಮುಂಚೆ ಅದು ತಮಗೆ ಬೇಕೋ ಬೇಡವೋ ಎಂಬುದನ್ನು ಅವರು ತಾವೇ ತಿಳಿಯಬಹುದು. ಇತಿಹಾಸ ವಿಭಾಗದವರು ಕೋಟೆಯ ಆ ಬಂಡಿಯ ಚಿತ್ರವನ್ನು ಗೆರೆ ಗೆರೆಯಾಗಿ ಪ್ರತಿಮಾಡಿ ಇಡುವ ಕೆಲಸಕ್ಕ��� ಅವು ಒದಗುತ್ತವೆ. ಗಾಳಿ-ಮಳೆಗಳಿಗೆ ಕಲ್ಲೂ ಸವೆಯುತ್ತದೆಯಲ್ಲವೆ? ದೇವದುರ್ಗದ ಬಸ್ಸಿನಲ್ಲಿ ಬರುವ ನಮ್ಮ ಗೆಳತಿಯಂಥವರ ಸರದಿಯು ಆ ಪಟ್ಟಿಯಲ್ಲಿ ಮೊದಲು ಬರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.